ಕೀಟದ ಹಾರ್ಮೋನು ಎಲ್ಲಿ ತುಂಡಾಗುತ್ತದೆ

ಪದವಿ ತರಗತಿಗಳಲ್ಲಿ ಕೀಟಗಳ ಹಾರ್ಮೋನುಗಳ ಪಾಠವು ಬಹುಮಟ್ಟಿಗೆ ಎಕ್ಡೈಸೋನ್ ಮತ್ತು ಜುವೆನೈಲ್ ಹಾರ್ಮೋನ್ ಎಂಬ ಎರಡು ಹೆಸರುಗಳಲ್ಲಿಯೇ ಮುಗಿದುಹೋಗುತ್ತದೆ. ಒಂದು ಹುಳುವಿಗೆ ಪೊರೆ ಕಳಚಲು ಹೇಳುತ್ತದೆ, ಇನ್ನೊಂದು ಪೊರೆ ಕಳಚಿದ ಮೇಲೆಯೂ ಅದು ಹುಳುವಾಗಿಯೇ ಉಳಿಯುವಂತೆ ನೋಡಿಕೊಳ್ಳುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇವೆರಡೂ ಪೆಪ್ಟೈಡ್‌ಗಳಲ್ಲ, ಅಂದರೆ ಅಮೈನೋ ಆಮ್ಲಗಳ ಸರಪಳಿಗಳಲ್ಲ. ಕೀಟದ ಮೈಯೊಳಗೆ ಓಡಾಡುವ ಸಂದೇಶವಾಹಕಗಳಲ್ಲಿ ಬಗೆಗಳ ಸಂಖ್ಯೆಯಿಂದ ನೋಡಿದರೆ ದೊಡ್ಡ ಪಾಲು ಪೆಪ್ಟೈಡ್‌ಗಳದೇ. ಹಾರುವಾಗ ಕೊಬ್ಬನ್ನು ಹೊರತೆಗೆಯುವುದು, ರಕ್ತ ಕುಡಿದ ಸೊಳ್ಳೆ ಹೆಚ್ಚಿನ ನೀರನ್ನು ಹೊರಹಾಕುವುದು, ಹೆಣ್ಣು ಪತಂಗ ರಾತ್ರಿ ಹೊತ್ತು ವಾಸನೆ ಬೀರುವುದು, ಕರುಳು ಹಿಂಡುವುದು, ಇವೆಲ್ಲವೂ ಕೆಲವೇ ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳ ಹಿಡಿತದಲ್ಲಿವೆ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಈ ಪೆಪ್ಟೈಡ್‌ಗಳ ಬಗ್ಗೆ ಇರುವ ಪಠ್ಯಗಳ ಮೇಲೆ ಒಂದು ತಕರಾರು ಇದೆ. ಅವು ಯಾವ ನರಕೋಶದಲ್ಲಿ ತಯಾರಾಗುತ್ತವೆ, ಯಾವ ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ ಎಂಬುದಕ್ಕೆ ಪುಟಗಟ್ಟಲೆ ಜಾಗವಿರುತ್ತದೆ. ಕೆಲಸ ಮುಗಿದ ಮೇಲೆ ಅವು ಏನಾಗುತ್ತವೆ ಎಂಬುದಕ್ಕೆ ಮಾತ್ರ ‘ನಂತರ ಕಿಣ್ವಗಳಿಂದ ವಿಘಟನೆಗೊಳ್ಳುತ್ತವೆ’ ಎಂಬ ಒಂದೇ ಸಾಲು. ಯಾವ ಕಿಣ್ವ, ಯಾವ ಅಂಗಾಂಶದಲ್ಲಿ, ಸರಪಳಿಯ ಯಾವ ಬಂಧವನ್ನು, ಎಷ್ಟು ಬೇಗ ಮುರಿಯುತ್ತದೆ ಎಂಬ ಪ್ರಶ್ನೆಗಳನ್ನು ಆ ಸಾಲು ನುಂಗಿಹಾಕುತ್ತದೆ. ಹಾರ್ಮೋನನ್ನು ಇಲ್ಲವಾಗಿಸುವುದು ಕಸ ಗುಡಿಸುವ ಕೆಲಸವಲ್ಲ, ಅದು ಸಂದೇಶದ ಒಂದು ಅಂಗವೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಈ ಬರಹವು ಅದನ್ನೇ ಸ್ವಲ್ಪ ವಿವರವಾಗಿ ಹೇಳುವ ಪ್ರಯತ್ನ.

ಕೀಟದ ರಕ್ತ, ಅಂದರೆ ಹೀಮೋಲಿಂಫ್, ನಮ್ಮ ರಕ್ತದಂತೆ ಮುಚ್ಚಿದ ನಾಳಗಳಲ್ಲಿ ಹರಿಯುವುದಿಲ್ಲ. ಅದು ಮೈಯೊಳಗಿನ ಟೊಳ್ಳಿನಲ್ಲಿ ತುಂಬಿಕೊಂಡು ಎಲ್ಲ ಅಂಗಗಳನ್ನೂ ನೇರವಾಗಿ ತೊಯ್ಯಿಸುತ್ತದೆ. ಮಿದುಳಿನ ಹಿಂದಿರುವ ಕಾರ್ಪೋರಾ ಕಾರ್ಡಿಯಾಕ ಗ್ರಂಥಿಯಿಂದ ಹೊರಬಿದ್ದ ಪೆಪ್ಟೈಡ್ ಬೇಕಾದ ಅಂಗಕ್ಕೂ ಬೇಡವಾದ ಅಂಗಕ್ಕೂ ಒಟ್ಟಿಗೇ ತಲುಪುತ್ತದೆ. ಅದರ ಪ್ರಮಾಣ ಯಾವುದೇ ಕ್ಷಣದಲ್ಲಿ ಎಷ್ಟಿರುತ್ತದೆ ಎಂಬುದು ಬಿಡುಗಡೆಯಾಗುವ ವೇಗ ಮತ್ತು ತುಂಡಾಗುವ ವೇಗ ಎರಡನ್ನೂ ಅವಲಂಬಿಸಿದೆ. ಬಿಡುಗಡೆ ನಿಂತರೂ ಹಾರ್ಮೋನು ತುಂಡಾಗದೆ ಉಳಿದಿದ್ದರೆ, ಗ್ರಾಹಕಗಳಿಗೆ ಆ ನಿಲುಗಡೆ ತಿಳಿಯುವುದೇ ಇಲ್ಲ. ಹಾರಾಟ ಮುಗಿಸಿ ಕುಳಿತ ಮಿಡತೆಯ ಕೊಬ್ಬು ಕರಗುತ್ತಲೇ ಇರಬಾರದಲ್ಲ!

ಈ ಚರಿತ್ರೆ ಶುರುವಾಗುವುದು ಜಿರಲೆಯಿಂದ. ಕೆನಡಾದ ಸ್ಟಾರಟ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಅಮೆರಿಕನ್ ಜಿರಲೆಯಿಂದ ಪ್ರೊಕ್ಟೋಲಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿ 1975ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಕೀಟವೊಂದರಿಂದ ಪಡೆದು ಪೂರ್ತಿ ರಚನೆಯನ್ನು ಓದಲಾದ ಮೊದಲ ನರಪೆಪ್ಟೈಡ್ ಅದು. ಅದಕ್ಕಾಗಿ ಅವರು 1,25,000 ಜಿರಲೆಗಳನ್ನು ಬಳಸಿದರು; ಕೈಗೆ ಬಂದದ್ದು 180 ಮೈಕ್ರೋಗ್ರಾಂ. ಈ ಸಂಖ್ಯೆಯನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಅಷ್ಟು ಸಿಗುತ್ತವೆ ಎನ್ನುತ್ತಾರೆ. ಆದರೆ ಅಷ್ಟು ಕಡಿಮೆ ಪ್ರಮಾಣಕ್ಕೆ ಕಾರಣವನ್ನು ಯೋಚಿಸಬೇಕು: ಪೆಪ್ಟೈಡ್ ಅತ್ಯಲ್ಪವಾಗಿ ತಯಾರಾಗುತ್ತದೆ ಎಂಬುದು ಒಂದು, ಜಿರಲೆಯನ್ನು ಅರೆದ ಕೂಡಲೇ ಅದರದೇ ಕಿಣ್ವಗಳು ಅದರ ಮೇಲೆ ಬೀಳುತ್ತವೆ ಎಂಬುದು ಇನ್ನೊಂದು.

ಪ್ರೊಕ್ಟೋಲಿನ್ ಐದು ಅಮೈನೋ ಆಮ್ಲಗಳ ಸರಪಳಿ: ಆರ್ಜಿನೀನ್, ಟೈರೋಸೀನ್, ಲ್ಯೂಸೀನ್, ಪ್ರೋಲೀನ್, ಥ್ರಿಯೋನೀನ್. ಅದರ ಎರಡು ತುದಿಗಳೂ ತೆರೆದಿವೆ. ಸರಪಳಿಯ ಮೊದಲ ತುದಿಯಿಂದ ಒಂದೊಂದೇ ಅಮೈನೋ ಆಮ್ಲವನ್ನು ಕಡಿದುಹಾಕುವ ಅಮೈನೋಪೆಪ್ಟಿಡೇಸ್ ಎಂಬ ಕಿಣ್ವಗಳಿಗೆ ಇದು ಸುಲಭದ ತುತ್ತು. ಜಿರಲೆಯ ಹೀಮೋಲಿಂಫ್‌ನಲ್ಲಿ ಇಟ್ಟಾಗ ಆರ್ಜಿನೀನ್ ಮತ್ತು ಟೈರೋಸೀನ್ ನಡುವಿನ ಬಂಧವೇ ಮುಖ್ಯವಾಗಿ ಮುರಿಯುವುದು. ಆರ್ಜಿನೀನ್ ಬಿದ್ದುಹೋದ ಕೂಡಲೇ ಉಳಿದ ನಾಲ್ಕರ ಸರಪಳಿಗೆ ಸ್ನಾಯುವಿನ ಮೇಲೆ ಹಿಡಿತವಿಲ್ಲ. ಮರುಭೂಮಿ ಮಿಡತೆಯ ನರಗಳ ಪೊರೆಗಳಲ್ಲಿ ಇದರ ಜೊತೆಗೆ ಟೈರೋಸೀನ್ ಮತ್ತು ಲ್ಯೂಸೀನ್ ನಡುವಿನ ಬಂಧವೂ ಮುರಿಯುವುದನ್ನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಎಲ್ವಿನ್ ಐಸಾಕ್ 1980ರ ದಶಕದಲ್ಲಿ ತೋರಿಸಿದರು. ಪ್ರೊಕ್ಟೋಲಿನ್ ನರದ ತುದಿಯಿಂದ ಹೊರಬಿದ್ದು ಪಕ್ಕದ ಸ್ನಾಯುವಿನ ಮೇಲೆಯೇ ಕೆಲಸ ಮಾಡುವಂಥದ್ದು. ದೂರ ಹೋಗಬೇಕಾಗಿಲ್ಲದ ಸಂದೇಶಕ್ಕೆ ರಕ್ಷಣೆಯೂ ಅಷ್ಟಾಗಿ ಬೇಕಾಗಿಲ್ಲ.

ದೂರ ಹೋಗಬೇಕಾದ ಹಾರ್ಮೋನುಗಳ ರಚನೆ ಬೇರೆ. ಮಿಡತೆಯ ಅಡಿಪೋಕೈನೆಟಿಕ್ ಹಾರ್ಮೋನು ಇದಕ್ಕೆ ಒಳ್ಳೆಯ ಉದಾಹರಣೆ. ಮಿಡತೆ ಹಾರಲು ತೊಡಗಿದಾಗ ಮೊದಲು ಹೀಮೋಲಿಂಫ್‌ನಲ್ಲಿರುವ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಉರಿಸುತ್ತದೆ. ಹಾರಾಟ ಮುಂದುವರಿದಂತೆ ಈ ಹಾರ್ಮೋನು ಬಿಡುಗಡೆಯಾಗಿ, ಕೊಬ್ಬಿನ ಅಂಗಾಂಶದಲ್ಲಿ ಕೂಡಿಟ್ಟ ಟ್ರೈಗ್ಲಿಸರೈಡನ್ನು ಡೈಗ್ಲಿಸರೈಡಾಗಿ ಹೊರತರಿಸುತ್ತದೆ. ಲಿಪೋಫೋರಿನ್ ಎಂಬ ಪ್ರೋಟೀನು ಅದನ್ನು ಹೊತ್ತು ರೆಕ್ಕೆಯ ಸ್ನಾಯುಗಳಿಗೆ ಮುಟ್ಟಿಸುತ್ತದೆ. 2020ರಲ್ಲಿ ಮರುಭೂಮಿ ಮಿಡತೆಗಳ ಹಿಂಡುಗಳು ರಾಜಸ್ಥಾನವನ್ನು ದಾಟಿ ವಿದರ್ಭದವರೆಗೆ ಬಂದಾಗ ಉತ್ತರ ಕರ್ನಾಟಕದಲ್ಲಿಯೂ ಆತಂಕ ಹುಟ್ಟಿತ್ತು. ಅಷ್ಟು ದೂರ ಹಾರಲು ಬೇಕಾಗುವ ಇಂಧನದ ಕೀಲಿ ಈ ಹಾರ್ಮೋನಿನ ಕೈಯಲ್ಲಿತ್ತು ಎಂದು ಆಗ ಪತ್ರಿಕೆಗಳಲ್ಲಿ ಯಾರೂ ಬರೆದದ್ದನ್ನು ನಾನು ಕಾಣಲಿಲ್ಲ.

ಅಡಿಪೋಕೈನೆಟಿಕ್ ಹಾರ್ಮೋನುಗಳಲ್ಲಿ ಮೊದಲನೆಯದರಲ್ಲಿ ಹತ್ತು ಅಮೈನೋ ಆಮ್ಲಗಳಿವೆ, ಅದರ ರಚನೆ 1976ರಲ್ಲಿ ಗೊತ್ತಾಯಿತು. ಅದರ ಮೊದಲ ತುದಿಯಲ್ಲಿರುವುದು ಪೈರೋಗ್ಲುಟಾಮಿಕ್ ಆಮ್ಲ, ಅಂದರೆ ತನ್ನ ಮೇಲೆಯೇ ಬಾಗಿ ಉಂಗುರವಾದ ಅಮೈನೋ ಆಮ್ಲ. ಅಲ್ಲಿ ಅಮೈನೋಪೆಪ್ಟಿಡೇಸ್‌ಗೆ ಹಿಡಿಯಲು ತೆರೆದ ಅಮೈನೋ ಗುಂಪೇ ಇಲ್ಲ. ಕೊನೆಯ ತುದಿಯಲ್ಲಿ ಆಮ್ಲದ ಗುಂಪಿನ ಬದಲು ಅಮೈಡ್ ಇದೆ, ಆದ್ದರಿಂದ ಕೊನೆಯಿಂದ ಕಡಿಯುವ ಸಾಮಾನ್ಯ ಕಾರ್ಬಾಕ್ಸಿಪೆಪ್ಟಿಡೇಸ್‌ಗಳಿಗೂ ಪ್ರವೇಶವಿಲ್ಲ. ಎತ್ತಿನ ಹಗ್ಗದ ಎರಡೂ ತುದಿಗಳಿಗೆ ಗಂಟು ಬಿಗಿದರೆ ಎಳೆ ಬಿಚ್ಚುವುದಿಲ್ಲವಲ್ಲ, ಹಾಗೆಯೇ ಇದು. ಇಂಥ ಹಗ್ಗವನ್ನು ಹಾಳುಮಾಡಬೇಕಾದರೆ ನಡುವೆಯೇ ಕೊಯ್ಯಬೇಕು. ಕೀಟಗಳಲ್ಲಿ ಆಗುವುದೂ ಅದೇ: ಮೂರನೆಯ ಸ್ಥಾನದ ಆಸ್ಪರಜೀನ್ ಮತ್ತು ನಾಲ್ಕನೆಯ ಸ್ಥಾನದ ಫಿನೈಲಲನೀನ್ ನಡುವಿನ ಬಂಧವನ್ನು ಜೀವಕೋಶದ ಪೊರೆಯ ಮೇಲಿರುವ ಎಂಡೋಪೆಪ್ಟಿಡೇಸ್, ಅಂದರೆ ನಡುವೆ ಕಡಿಯುವ ಕಿಣ್ವ, ಒಂದು ಮುರಿಯುತ್ತದೆ. ಒಮ್ಮೆ ಹೀಗೆ ಮುರಿದರೆ, ಫಿನೈಲಲನೀನ್‌ನಿಂದ ಶುರುವಾಗುವ ತುಂಡಿಗೆ ಹೊಸದಾಗಿ ಒಂದು ತೆರೆದ ತುದಿ ಹುಟ್ಟುತ್ತದೆ. ಇಷ್ಟು ಹೊತ್ತು ಕಾದು ಕುಳಿತಿದ್ದ ಅಮೈನೋಪೆಪ್ಟಿಡೇಸ್‌ಗಳು ಅಲ್ಲಿಂದ ಒಂದೊಂದಾಗಿ ಕಡಿಯತೊಡಗುತ್ತವೆ. ಅಂದರೆ ನಿರ್ಧಾರದ ಹೆಜ್ಜೆ ಮೊದಲ ಕಡಿತ, ಉಳಿದದ್ದು ಅದರ ಪರಿಣಾಮ.

ಈ ಮೊದಲ ಕಡಿತದ ವೇಗವೇ ಹಾರ್ಮೋನಿನ ಆಯುಷ್ಯ. ಲೋಕಸ್ಟ ಮೈಗ್ರಟೋರಿಯ ಎಂಬ ವಲಸೆ ಮಿಡತೆಯಲ್ಲಿ ಅಡಿಪೋಕೈನೆಟಿಕ್ ಹಾರ್ಮೋನುಗಳು ಮೂರು. ನೆದರ್ಲೆಂಡ್ಸ್‌ನ ಸಂಶೋಧಕರು ವಿಕಿರಣಶೀಲ ಟ್ರಿಟಿಯಂ ಸೇರಿಸಿದ ಹಾರ್ಮೋನುಗಳನ್ನು ಮಿಡತೆಗಳಿಗೆ ಚುಚ್ಚಿ, ಅವು ಮೈಯಲ್ಲಿ ಅರ್ಧಕ್ಕಿಳಿಯಲು ಎಷ್ಟು ಹೊತ್ತು ಬೇಕೆಂದು 1990ರ ದಶಕದಲ್ಲಿ ಅಳೆದರು. ಕುಳಿತಿರುವ ಮಿಡತೆಯಲ್ಲಿ ಮೊದಲನೆಯದರ ಅರ್ಧಾಯು ಸುಮಾರು 51 ನಿಮಿಷ, ಎರಡನೆಯದರದು ಸುಮಾರು 40 ನಿಮಿಷ, ಮೂರನೆಯದರದು ಕೇವಲ 5 ನಿಮಿಷ. ಹಾರುತ್ತಿರುವ ಮಿಡತೆಯಲ್ಲಿ ಅವು ಕ್ರಮವಾಗಿ ಸುಮಾರು 35, 37 ಮತ್ತು 3 ನಿಮಿಷಗಳಿಗೆ ಇಳಿದವು. ಈ ಅಂಕಿಗಳನ್ನು ಮೊದಲ ಬಾರಿ ಓದಿದಾಗ ನಾನು ಮತ್ತೆ ಮತ್ತೆ ನೋಡಿದ್ದು ಮೂರನೆಯದನ್ನು. ಮೂರರಲ್ಲಿಯೂ ಮೊದಲ ನಾಲ್ಕು ಅಮೈನೋ ಆಮ್ಲಗಳು ಒಂದೇ ಆಗಿವೆ, ಆದ್ದರಿಂದ ಆಸ್ಪರಜೀನ್ ಮತ್ತು ಫಿನೈಲಲನೀನ್ ನಡುವಿನ ಬಂಧವೂ ಮೂರರಲ್ಲಿಯೂ ಇದೆ. ಹಾಗಿದ್ದರೂ ಮೂರನೆಯದು ಹತ್ತುಪಟ್ಟು ಬೇಗ ಮಾಯವಾಗುತ್ತದೆ. ಬಂಧ ಯಾವುದೆಂದು ಗೊತ್ತಾದ ಮಾತ್ರಕ್ಕೆ ವೇಗ ಗೊತ್ತಾಗುವುದಿಲ್ಲ, ಸರಪಳಿಯ ಉಳಿದ ಭಾಗವೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಒಂದೇ ಕೆಲಸಕ್ಕೆ ಮೂರು ಹಾರ್ಮೋನುಗಳೇಕೆ ಎಂಬ ಪ್ರಶ್ನೆಗೂ ಇಲ್ಲಿ ಒಂದು ಸುಳಿವಿದೆ: ಬೇಗ ಅಳಿಯುವ ಹಾರ್ಮೋನು ಕ್ಷಣಕ್ಷಣದ ಬದಲಾವಣೆಗೆ, ನಿಧಾನವಾಗಿ ಅಳಿಯುವುದು ದೀರ್ಘ ಹಾರಾಟಕ್ಕೆ ಒದಗಬಹುದು.

ಕಡಿತ ನಡೆಯುವ ಸ್ಥಳದ ವಿಚಾರದಲ್ಲಿ ಎಲ್ಲ ಕೀಟಗಳೂ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಿಡತೆಯಲ್ಲಿ ಅಡಿಪೋಕೈನೆಟಿಕ್ ಹಾರ್ಮೋನನ್ನು ಮುರಿಯುವ ಕೆಲಸ ಮುಖ್ಯವಾಗಿ ಅಂಗಾಂಶಗಳ ಮೇಲ್ಮೈಯಲ್ಲಿ, ಅದರಲ್ಲೂ ವಿಸರ್ಜನೆಯ ಮಾಲ್ಪೀಗಿಯನ್ ನಳಿಕೆಗಳಂಥ ಕಡೆ ನಡೆಯುತ್ತದೆ. ತಂಬಾಕಿನ ದೊಡ್ಡ ಹುಳುವಾದ ಮ್ಯಾಂಡುಕ ಸೆಕ್ಸ್ಟದಲ್ಲಿ ಇದೇ ಕುಟುಂಬದ ಪೆಪ್ಟೈಡ್‌ಗಳನ್ನು ಮುರಿಯುವ ಎಂಡೋಪೆಪ್ಟಿಡೇಸ್ ಹೀಮೋಲಿಂಫ್‌ನಲ್ಲಿಯೇ ಸುತ್ತಾಡುತ್ತಿರುವುದು 1990ರ ದಶಕದ ಆರಂಭದಲ್ಲಿ ಕಂಡುಬಂತು. ಒಂದು ಕೀಟದ ಫಲಿತಾಂಶವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸುವವರಿಗೆ ಇದೊಂದು ಎಚ್ಚರಿಕೆ.

ಇವೆಲ್ಲವನ್ನು ಪ್ರಯೋಗಾಲಯದಲ್ಲಿ ಹೇಗೆ ನೋಡುತ್ತಾರೆ ಎಂಬುದನ್ನು ತಿಳಿಯದಿದ್ದರೆ ಮೇಲಿನ ಮಾತುಗಳು ಗಾಳಿಯಲ್ಲಿ ನಿಲ್ಲುತ್ತವೆ. ನಮ್ಮ ಕಡೆ ಸುಲಭವಾಗಿ ಸಿಗುವುದು ಕಡಲೆ, ತೊಗರಿ ಮತ್ತು ಹತ್ತಿಯ ಕಾಯಿಕೊರಕ ಹುಳು, ಅಂದರೆ ಹೆಲಿಕೋವರ್ಪ ಆರ್ಮಿಜೆರ. ಕಡಲೆಹಿಟ್ಟು, ಅಗರ್, ಯೀಸ್ಟ್, ವಿಟಮಿನ್ನುಗಳನ್ನು ಸೇರಿಸಿ ಮಾಡಿದ ಕೃತಕ ಆಹಾರದ ಮೇಲೆ ಅದನ್ನು ಸಾಕುತ್ತಾರೆ. ಒಂದನ್ನೊಂದು ತಿನ್ನುವ ಚಟವಿರುವುದರಿಂದ ಬೆಳೆದ ಹುಳುಗಳನ್ನು ಒಂದೊಂದು ಗುಳಿಯಲ್ಲಿ ಒಂದೊಂದನ್ನೇ ಇಡಬೇಕಾಗುತ್ತದೆ. ಹೊಟ್ಟೆಯ ಕಾಲೊಂದನ್ನು ಸೂಜಿಯಿಂದ ಚುಚ್ಚಿದರೆ ತಿಳಿಹಸಿರು ಹೀಮೋಲಿಂಫ್ ಹನಿಯಾಗಿ ಬರುತ್ತದೆ. ತಡಮಾಡಿದರೆ ಫಿನಾಲ್ ಆಕ್ಸಿಡೇಸ್ ಕಿಣ್ವದಿಂದಾಗಿ ಅದು ಕಪ್ಪಾಗುತ್ತದೆ, ಆದ್ದರಿಂದ ಕೊಳವೆಯಲ್ಲಿ ಮೊದಲೇ ಫಿನೈಲ್‌ಥಯೋಯೂರಿಯಾದ ಹರಳುಗಳನ್ನು ಹಾಕಿಡುತ್ತಾರೆ. ಈ ದ್ರವಕ್ಕಾಗಲಿ ಅರೆದ ಅಂಗಾಂಶದ ಪೊರೆಗಳಿಗಾಗಲಿ ಗೊತ್ತಾದ ಪ್ರಮಾಣದ ಪೆಪ್ಟೈಡನ್ನು ಸೇರಿಸಿ, ಕೆಲವು ನಿಮಿಷಗಳಿಗೊಮ್ಮೆ ಸ್ವಲ್ಪ ತೆಗೆದು, ಆಮ್ಲ ಹಾಕಿ ಕಿಣ್ವವನ್ನು ನಿಲ್ಲಿಸಿ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡುತ್ತಾರೆ. ಪೆಪ್ಟೈಡ್ ಬಂಧವು 214 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಹೀರುವುದರಿಂದ ಮೂಲ ಪೆಪ್ಟೈಡಿನ ಶಿಖರ ಕುಗ್ಗುವುದನ್ನೂ ತುಂಡುಗಳ ಹೊಸ ಶಿಖರಗಳು ಏಳುವುದನ್ನೂ ಕಾಗದದ ಮೇಲೆ ನೋಡಬಹುದು. ತುಂಡುಗಳನ್ನು ಹಿಡಿದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿದರೆ ಕಡಿತ ಎಲ್ಲಿ ಆಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಕಿಣ್ವ ಯಾವುದೆಂದು ಗುರುತಿಸಲು ಪ್ರತಿಬಂಧಕಗಳ ನೆರವು ಬೇಕು. ಫಿನಾಂತ್ರೋಲೀನ್ ಸತುವನ್ನು ಕಿತ್ತುಕೊಳ್ಳುತ್ತದೆ. ಅದರಿಂದ ಕಡಿತ ನಿಂತರೆ ಕಿಣ್ವವು ಸತುವನ್ನು ಅವಲಂಬಿಸಿದ್ದು ಎಂದರ್ಥ. ಅಮಾಸ್ಟಾಟಿನ್ ಅಮೈನೋಪೆಪ್ಟಿಡೇಸನ್ನು, ಫಾಸ್ಫೋರಮಿಡಾನ್ ನೆಪ್ರಿಲೈಸಿನ್ ವರ್ಗವನ್ನು, ಕ್ಯಾಪ್ಟೊಪ್ರಿಲ್ ಎಸಿಇ ಎಂಬ ಕಿಣ್ವವನ್ನು ತಡೆಯುತ್ತದೆ. ಇವುಗಳಲ್ಲಿ ಅಮಾಸ್ಟಾಟಿನ್ ಮತ್ತು ಫಾಸ್ಫೋರಮಿಡಾನ್ ಸಿಕ್ಕಿದ್ದು ಮಣ್ಣಿನಲ್ಲಿರುವ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾಗಳಿಂದ. ಈ ಪ್ರಯೋಗಗಳಲ್ಲಿ ಎಚ್ಚರ ತಪ್ಪಿದರೆ ದೊಡ್ಡ ಮೋಸವಾಗುತ್ತದೆ. ಅಂಗಾಂಶವನ್ನು ಅರೆದಾಗ ಜೀವಕೋಶಗಳ ಒಳಗಿನ, ಕಿಣ್ವ ತುಂಬಿದ ಲೈಸೋಸೋಮ್ ಚೀಲಗಳು ಒಡೆದು, ಬದುಕಿರುವ ಕೀಟದಲ್ಲಿ ಹಾರ್ಮೋನಿನ ಮುಖವನ್ನೇ ಕಾಣದ ಕಿಣ್ವಗಳು ಅದರ ಮೇಲೆ ಬೀಳುತ್ತವೆ. ಅರೆದ ಕರುಳಿನಲ್ಲಿ ಯಾವ ಪೆಪ್ಟೈಡೂ ಬಹಳ ಹೊತ್ತು ಬಾಳುವುದಿಲ್ಲ. ಅಷ್ಟರಿಂದ ‘ಕರುಳು ಈ ಹಾರ್ಮೋನನ್ನು ವಿಘಟಿಸುತ್ತದೆ’ ಎಂದು ಬರೆದುಬಿಡುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ. ಇಡೀ ಮಾಲ್ಪೀಗಿಯನ್ ನಳಿಕೆಯನ್ನು ಹರಿಯದಂತೆ ಬಿಡಿಸಿ ದ್ರಾವಣದಲ್ಲಿಟ್ಟು ನೋಡುವುದು, ಶುದ್ಧ ಪೊರೆಗಳನ್ನು ಬೇರ್ಪಡಿಸಿ ನೋಡುವುದು, ಬದುಕಿರುವ ಕೀಟಕ್ಕೆ ಅತ್ಯಲ್ಪ ಪ್ರಮಾಣದ ಗುರುತು ಹಾಕಿದ ಹಾರ್ಮೋನು ಚುಚ್ಚಿ ನೋಡುವುದು, ಈ ಮೂರೂ ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬಿಕೆ ಹುಟ್ಟುತ್ತದೆ.

ನೆಪ್ರಿಲೈಸಿನ್ ಹೆಸರು ಬಂದದ್ದರಿಂದ ಅದರ ವಿಷಯವನ್ನು ಹೇಳಿಬಿಡುತ್ತೇನೆ. ಇದನ್ನು ಮೊದಲು ಕಂಡದ್ದು ಮೊಲದ ಮೂತ್ರಪಿಂಡದಲ್ಲಿ, 1974ರಲ್ಲಿ. ಕಂಡವರು ಲೀಡ್ಸ್‌ನ ಕೆರ್ ಮತ್ತು ಕೆನ್ನಿ. ಮನುಷ್ಯನಲ್ಲಿ ಇದು ಮಿದುಳಿನ ಅಮಿಲಾಯ್ಡ್ ಪೆಪ್ಟೈಡನ್ನೂ ಹೃದಯದ ಪೆಪ್ಟೈಡ್‌ಗಳನ್ನೂ ಮುರಿಯುತ್ತದೆ, ಮತ್ತು ಹೃದಯ ವೈಫಲ್ಯಕ್ಕೆ ಇಂದು ಕೊಡುವ ಸಕ್ಯುಬಿಟ್ರಿಲ್ ಇದನ್ನೇ ತಡೆಯುವ ಔಷಧ. ಫಿನೈಲಲನೀನ್, ಲ್ಯೂಸೀನ್‌ಗಳಂಥ ನೀರಿಗೊಲ್ಲದ ಅಮೈನೋ ಆಮ್ಲಗಳಿಗೆ ಮೊದಲು ಬರುವ ಬಂಧವನ್ನು ಕಡಿಯುವುದು ಇದರ ಸ್ವಭಾವ. ಮಿಡತೆಯ ಹಾರ್ಮೋನಿನಲ್ಲಿ ಫಿನೈಲಲನೀನ್‌ಗೆ ಮೊದಲು ಕಡಿತವಾಗುವುದಕ್ಕೂ ಇದಕ್ಕೂ ಸಂಬಂಧ ಕಾಣುವುದು ಸಹಜ. ಹಣ್ಣುನೊಣವಾದ ಡ್ರೊಸೊಫಿಲದಲ್ಲಿ ಈ ಕುಟುಂಬದ ಜೀನ್‌ಗಳು ಮನುಷ್ಯನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಅವುಗಳಲ್ಲಿ ನೆಪ್ರಿಲೈಸಿನ್-2 ಎಂಬುದು ಮಾಲ್ಪೀಗಿಯನ್ ನಳಿಕೆಯ ನಕ್ಷತ್ರಾಕಾರದ ಜೀವಕೋಶಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಏಕೆಂದರೆ ನಳಿಕೆಗೆ ನೀರು ಸುರಿಸಲು ಹೇಳುವ ಕೈನಿನ್ ಹಾರ್ಮೋನಿನ ಗ್ರಾಹಕವೂ ಅದೇ ಜೀವಕೋಶಗಳ ಮೇಲಿದೆ. ಸಂದೇಶವನ್ನು ಕೇಳುವ ಜೀವಕೋಶವೇ ಅದನ್ನು ಅಳಿಸುವ ಕಿಣ್ವವನ್ನೂ ತಯಾರಿಸುತ್ತಿದೆ.

ಎಸಿಇ ಎಂದರೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಪರಿಚಯವಿರುವ ಹೆಸರು: ಆಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವ. ಬ್ರೆಜಿಲಿನ ಹಾವೊಂದರ ವಿಷದಲ್ಲಿದ್ದ ಪೆಪ್ಟೈಡ್‌ಗಳಿಂದ ಸ್ಫೂರ್ತಿ ಪಡೆದು ರೂಪಿಸಿದ ಕ್ಯಾಪ್ಟೊಪ್ರಿಲ್ ಅದನ್ನು ತಡೆಯುವ ಮೊದಲ ಮಾತ್ರೆ. ಕೀಟಗಳಿಗೆ ಆಂಜಿಯೋಟೆನ್ಸಿನ್‌ನಿಂದ ನಡೆಯುವ ರಕ್ತದೊತ್ತಡದ ವ್ಯವಸ್ಥೆಯೇ ಇಲ್ಲ, ಆದರೂ 1990ರ ದಶಕದ ಆರಂಭದಲ್ಲಿ ಮನೆನೊಣದಲ್ಲಿ, ನಂತರ ಡ್ರೊಸೊಫಿಲದಲ್ಲಿ ಇದೇ ಕಿಣ್ವ ಸಿಕ್ಕಿತು. ಮನುಷ್ಯನ ಎಸಿಇ ಪೊರೆಗೆ ಕಟ್ಟಿಕೊಂಡಿರುತ್ತದೆ. ಕೀಟದ್ದು ಹಾಗೆ ಕಟ್ಟಿಕೊಳ್ಳದೆ ಹೀಮೋಲಿಂಫ್‌ನಲ್ಲಿ ಸ್ರವಿಸಿ ಹರಿದಾಡುತ್ತದೆ. ಸರಪಳಿಯ ಕೊನೆಯಿಂದ ಎರಡೆರಡು ಅಮೈನೋ ಆಮ್ಲಗಳನ್ನು ಒಟ್ಟಿಗೆ ಕಡಿಯುವುದು ಅದರ ರೀತಿ. ಮೇಲೆ ಹೇಳಿದ ಅಮೈಡ್ ತುದಿಯ ರಕ್ಷಣೆ ಇದರ ಮುಂದೆ ಯಾವಾಗಲೂ ನಡೆಯುವುದಿಲ್ಲ. ಕೆಲವು ಪೆಪ್ಟೈಡ್‌ಗಳಿಂದ ಕೊನೆಯ ಎರಡನ್ನು ಅಮೈಡ್ ಸಮೇತ ಕಿತ್ತುಹಾಕುವ ಸಾಮರ್ಥ್ಯ ಅದಕ್ಕಿದೆ.

ಅನೋಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಹೆಣ್ಣುಗಳಲ್ಲಿ ರಕ್ತ ಕುಡಿದ ಮೇಲೆ ಎಸಿಇ ಪ್ರಮಾಣ ಏರುತ್ತದೆ, ಮತ್ತು ಎಸಿಇ ಪ್ರತಿಬಂಧಕಗಳನ್ನು ಕೊಟ್ಟರೆ ಅವು ಇಡುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ ಎಂದು ಲೀಡ್ಸ್‌ನ ತಂಡ ತೋರಿಸಿದೆ. ಇದು ಭಾರತದ ನಗರಗಳ ಮುಖ್ಯ ಮಲೇರಿಯಾ ಸೊಳ್ಳೆ; ಬಾವಿ, ತೊಟ್ಟಿ, ಮಾಳಿಗೆಯ ಟ್ಯಾಂಕುಗಳ ಶುದ್ಧ ನೀರಿನಲ್ಲಿ ಮೊಟ್ಟೆ ಇಡುವಂಥದ್ದು. ಮಲಪ್ರಭೆಯ ನೀರು ನಲ್ಲಿಗೆ ಬರುವ ದಿನವನ್ನು ಕಾದು, ಬಂದಾಗ ಸಿಕ್ಕ ಪಾತ್ರೆಗಳಲ್ಲೆಲ್ಲ ತುಂಬಿಡುವುದು ರೂಢಿಯಾಗಿದ್ದ ಹುಬ್ಬಳ್ಳಿ-ಧಾರವಾಡದವರಿಗೆ ಇಂಥ ಸೊಳ್ಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಟ್ಯಾಂಕಿಗೆ ಹಾಕಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಕುಡಿಯುವವರು ನಾವೂ ಹೌದಲ್ಲ ಎಂದು ಹೇಳಬೇಕಾಯಿತು!

ಕಡಿತ ಎಂದರೆ ಅಂತ್ಯವೇ ಎಂದು ತಿಳಿಯಬಾರದು. ಪೆಪ್ಟೈಡ್ ಹಾರ್ಮೋನುಗಳು ಹುಟ್ಟುವುದೇ ದೊಡ್ಡ ಪೂರ್ವರೂಪದ ಪ್ರೋಟೀನುಗಳು ಕಡಿಯಲ್ಪಟ್ಟಾಗ. ಇನ್ನೂ ವಿಚಿತ್ರವಾದ ಉದಾಹರಣೆ ಡ್ರೊಸೊಫಿಲದ ಲೈಂಗಿಕ ಪೆಪ್ಟೈಡ್. ಗಂಡು ನೊಣ ವೀರ್ಯದ ಜೊತೆ ವರ್ಗಾಯಿಸುವ ಈ 36 ಅಮೈನೋ ಆಮ್ಲಗಳ ಸರಪಳಿ, ಹೆಣ್ಣಿನಲ್ಲಿ ಮೊಟ್ಟೆ ಇಡುವಿಕೆಯನ್ನು ಹೆಚ್ಚಿಸಿ, ಬೇರೆ ಗಂಡುಗಳನ್ನು ನಿರಾಕರಿಸುವಂತೆ ಮಾಡುತ್ತದೆ. ಅದು ತನ್ನ ಮೊದಲ ತುದಿಯಿಂದ ವೀರ್ಯಾಣುವಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಟ್ರಿಪ್ಸಿನ್‌ನಂಥ ಕಡಿತದಿಂದ ಅದರ ಕ್ರಿಯಾಶೀಲ ಕೊನೆಯ ಭಾಗ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುವುದರಿಂದ ಪರಿಣಾಮ ಒಂದು ವಾರದಷ್ಟು ಕಾಲ ನಿಲ್ಲುತ್ತದೆ. ಒಂದು ಹಾರ್ಮೋನಿನ ಆಯುಷ್ಯವನ್ನು ಮೂರು ನಿಮಿಷಕ್ಕಿಳಿಸುವ ಕೆಲಸವೇ ಇನ್ನೊಂದರ ಪ್ರಭಾವವನ್ನು ದಿನಗಟ್ಟಲೆ ಎಳೆಯುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ, ನಾನು ಕೀಟಗಳ ವಿಷಯ ಓದಿದವನೆಂದು ತಿಳಿದ ಗದಗ ಕಡೆಯ ಹಿರಿಯ ರೈತರೊಬ್ಬರು ಕೇಳಿದರು: “ಸರ್, ಹುಳದ ಹಾರ್ಮೋನು ನಿಮಗ ಗೊತ್ತೈತಿ ಅಂದಮ್ಯಾಲ ಅದನ್ನ ಎಣ್ಣಿ ಹೊಡದಂಗ ಹೊಡದ್ರ ಕೀಡಿ ಸಾಯೂದಿಲ್ಲೇನ್ರೀ?” ಪ್ರಶ್ನೆ ನೇರವಾಗಿದೆ, ಉತ್ತರ ವಿಘಟನೆಯಲ್ಲಿಯೇ ಇದೆ. ಹೆಲಿಕೋವರ್ಪದ್ದೇ ಉದಾಹರಣೆ ತೆಗೆದುಕೊಳ್ಳೋಣ. ಕಡಲೆ ಹೊಲಗಳಲ್ಲಿ ಕಟ್ಟುವ ಮೋಹಕ ಬಲೆಗಳಲ್ಲಿ ಇರುವುದು ಹೆಣ್ಣು ಪತಂಗದ ವಾಸನೆಯ ನಕಲು. ನಿಜವಾದ ಹೆಣ್ಣು ಆ ವಾಸನೆಯನ್ನು ತಯಾರಿಸಲು ಅಪ್ಪಣೆ ಕೊಡುವುದು ಅನ್ನನಾಳದ ಕೆಳಗಿನ ನರಗಂಟಿನಿಂದ ಬರುವ ಪೀಬ್ಯಾನ್ ಎಂಬ ಹಾರ್ಮೋನು. ಅಶೋಕ್ ರೈನಾ ಮತ್ತು ಸಹೋದ್ಯೋಗಿಗಳು 1989ರಲ್ಲಿ ಅಮೆರಿಕದ ಹೆಲಿಕೋವರ್ಪ ಜಿಯಾ ಪತಂಗದಲ್ಲಿ ಅದರ ರಚನೆಯನ್ನು ಬಿಡಿಸಿದರು: 33 ಅಮೈನೋ ಆಮ್ಲಗಳು, ಅವುಗಳಲ್ಲಿ ಕೊನೆಯ ಐದು ಮಾತ್ರ ಇದ್ದರೂ ಕೆಲಸ ನಡೆಯುತ್ತದೆ. ಆ ಐದರ ತುಂಡನ್ನು ತಯಾರಿಸಿ ಹೊಲಕ್ಕೆ ಸಿಂಪಡಿಸಿದರೆ ಏನಾಗುತ್ತದೆ? ಎಲೆಯ ಜೊತೆ ಹೊಟ್ಟೆಗೆ ಹೋದದ್ದನ್ನು ಕರುಳಿನ ಟ್ರಿಪ್ಸಿನ್ ವರ್ಗದ ಕಿಣ್ವಗಳು ಮತ್ತು ಕರುಳಿನ ಪೊರೆಯ ಅಮೈನೋಪೆಪ್ಟಿಡೇಸ್‌ಗಳು ಮುಗಿಸುತ್ತವೆ. ಮೈಮೇಲೆ ಬಿದ್ದದ್ದು ಮೇಣದ ಹೊರಪದರವನ್ನು ದಾಟುವುದಿಲ್ಲ. ಹೇಗೋ ಹೀಮೋಲಿಂಫ್‌ಗೆ ತಲುಪಿದ್ದಕ್ಕೆ ಅಲ್ಲಿಯೂ ಅಂಗಾಂಶಗಳಲ್ಲಿಯೂ ಮೇಲೆ ಹೇಳಿದ ಕಿಣ್ವಗಳು ಕಾದಿವೆ.

ಇಲ್ಲಿ ಒಂದು ಪಕ್ಕದ ಮಾತು. ಕರುಳಿನ ಆ ಅಮೈನೋಪೆಪ್ಟಿಡೇಸ್‌ಗಳು ಬೇರೊಂದು ಕಾರಣಕ್ಕಾಗಿ ನಮ್ಮ ಹತ್ತಿ ಬೆಳೆಗಾರರ ಬದುಕಿನಲ್ಲಿ ಸೇರಿಕೊಂಡಿವೆ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿರುವ, ಹುಳುವಿಗೆ ವಿಷವಾದ ಕ್ರೈ ಪ್ರೋಟೀನು ಅದರ ಕರುಳಿನಲ್ಲಿ ಅಂಟಿಕೊಳ್ಳುವ ಅಣುಗಳಲ್ಲಿ ಅಮೈನೋಪೆಪ್ಟಿಡೇಸ್ ಕೂಡ ಒಂದು. ಪೆಪ್ಟೈಡನ್ನು ಮುರಿಯಲು ಇಟ್ಟುಕೊಂಡ ಕಿಣ್ವವೇ ವಿಷಕ್ಕೆ ಹಿಡಿಕೆಯಾಯಿತು.

ರೈತರ ಪ್ರಶ್ನೆಗೆ ವಿಜ್ಞಾನಿಗಳು ಎರಡು ದಾರಿಗಳಲ್ಲಿ ಉತ್ತರ ಹುಡುಕಿದ್ದಾರೆ. ಮೊದಲನೆಯದು ಹಾರ್ಮೋನನ್ನು ಹುಳುವಿನ ಮೈಯೊಳಗೆಯೇ ತಯಾರಿಸುವುದು. ಕಡಲೆ ಬೆಳೆಗಾರರು ಸಂಜೆ ಹೊತ್ತು ಬೆಲ್ಲ ಸೇರಿಸಿ ಸಿಂಪಡಿಸುವ, ಹುಳುಗಳಿಗೆ ರೋಗ ತರುವ ಎನ್‌ಪಿವಿ ವೈರಸ್ಸಿನ ಜಾತಿಯದೇ ಆದ ರೇಷ್ಮೆಹುಳುವಿನ ವೈರಸ್ಸಿಗೆ, ಜಪಾನಿನ ಮಾಯೆದ 1989ರಲ್ಲಿ ಮ್ಯಾಂಡುಕದ ಮೂತ್ರವರ್ಧಕ ಹಾರ್ಮೋನಿನ ಜೀನನ್ನು ಸೇರಿಸಿದರು. ವೈರಸ್ಸು ತಗುಲಿದ ಹುಳುಗಳಲ್ಲಿ ನೀರಿನ ಸಮತೋಲನ ಕೆಟ್ಟು, ಮೂಲ ವೈರಸ್ಸಿಗಿಂತ ಸುಮಾರು ಐದನೆಯ ಒಂದು ಪಾಲು ಬೇಗ ಸತ್ತವು. ಲಾಭ ಇಷ್ಟೇ ಆದದ್ದಕ್ಕೆ ವಿಘಟನೆಯೂ ಒಂದು ಕಾರಣವಾಗಿದ್ದಿರಬಹುದೆಂದು ನಾನು ಊಹಿಸುತ್ತೇನೆ: ಒಳಗೇ ತಯಾರಾದರೂ ಸಹಜ ಹಾರ್ಮೋನು ಸಹಜ ಕಿಣ್ವಗಳಿಗೆ ತಲೆಬಾಗಲೇಬೇಕು.

ಎರಡನೆಯ ದಾರಿ ಹಾರ್ಮೋನಿನ ರಚನೆಯನ್ನೇ ಬದಲಿಸುವುದು. ಅಮೆರಿಕದ ಕೃಷಿ ಇಲಾಖೆಯ ರೊನಾಲ್ಡ್ ನಾಕ್‌ಮನ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇದಕ್ಕೆ ಕೊಟ್ಟರು. ಕೈನಿನ್‌ಗಳ ಕ್ರಿಯಾಶೀಲ ಭಾಗ ಕೊನೆಯ ಐದು ಅಮೈನೋ ಆಮ್ಲಗಳು. ಅದರಲ್ಲಿ ಟ್ರಿಪ್ಟೊಫ್ಯಾನ್‌ಗೆ ಮೊದಲು ಬರುವ ಬಂಧವನ್ನು ಮತ್ತು ಫಿನೈಲಲನೀನ್‌ಗೆ ಮೊದಲು ಬರುವ ಬಂಧವನ್ನು ನೆಪ್ರಿಲೈಸಿನ್ ಮತ್ತು ಎಸಿಇ ಮುರಿಯುತ್ತವೆ. ಆ ಜಾಗಗಳಲ್ಲಿ ಅಮೈನೋ ಐಸೋಬ್ಯುಟಿರಿಕ್ ಆಮ್ಲ ಎಂಬ, ಹೆಚ್ಚುವರಿ ಮಿಥೈಲ್ ಗುಂಪಿನ ಅಮೈನೋ ಆಮ್ಲವನ್ನು ಕೂರಿಸಿದಾಗ, ಕಿಣ್ವಕ್ಕೆ ಬಂಧದ ಹತ್ತಿರ ಬರಲು ಜಾಗ ಸಾಲದಾಯಿತು, ಗ್ರಾಹಕವಾದರೋ ಹೊಸ ರೂಪವನ್ನು ಒಪ್ಪಿಕೊಂಡಿತು. ಬಟಾಣಿ ಗಿಡದ ಸಸ್ಯಹೇನುಗಳಿಗೆ ಇಂಥ ಕೆಲವು ರೂಪಗಳನ್ನು ಆಹಾರದಲ್ಲಿ ಕೊಟ್ಟಾಗ ಅವು ತಿನ್ನುವುದನ್ನು ಬಿಟ್ಟು ಹೆಚ್ಚಿನ ಪ್ರಮಾಣದಲ್ಲಿ ಸತ್ತವು. ಪೀಬ್ಯಾನ್ ಕುಟುಂಬದ ಐದರ ತುಂಡಿಗೆ ಕೊಬ್ಬಿನ ಅಂಶವಿರುವ ಗುಂಪು ಸೇರಿಸಿ, ಪತಂಗದ ಮೈಮೇಲೆ ಹಚ್ಚಿದರೂ ಹೊರಪದರವನ್ನು ದಾಟಿ ಒಳಹೋಗುವಂತೆ ಮಾಡಿದ್ದೂ ಅವರ ಗುಂಪಿನ ಕೆಲಸವೇ. ಸೊಳ್ಳೆಯಲ್ಲಿ ಸಿಕ್ಕ, ರಕ್ತ ಜೀರ್ಣಿಸುವ ಟ್ರಿಪ್ಸಿನ್ ತಯಾರಿಕೆಯನ್ನು ನಿಲ್ಲಿಸುವ ಟಿಎಂಒಎಫ್ ಎಂಬ ಹತ್ತು ಅಮೈನೋ ಆಮ್ಲಗಳ ಪೆಪ್ಟೈಡಿಗೆ ಇಂಥ ತಿದ್ದುಪಡಿಯೂ ಬೇಡ. ಅದರ ಕೊನೆಯ ಆರೂ ಪ್ರೋಲೀನ್‌ಗಳೇ ಆಗಿರುವುದರಿಂದ ಸಾಮಾನ್ಯ ಪೆಪ್ಟಿಡೇಸ್‌ಗಳಿಗೆ ಅದು ಜಗ್ಗುವುದಿಲ್ಲ, ಕರುಳನ್ನು ದಾಟಿ ಹೀಮೋಲಿಂಫ್‌ಗೆ ಹೋಗುತ್ತದೆ.

ನನಗೆ ಉಳಿಯುವ ಸಂದೇಹ ಬೇರೆಯದು. ಪೀಬ್ಯಾನ್ ಕುಟುಂಬದ ಆ ಐದು ಅಮೈನೋ ಆಮ್ಲಗಳ ಮಾದರಿ ಕಾಯಿಕೊರಕದ ಆಸ್ತಿಯಲ್ಲ. ಜೇನುನೊಣದಲ್ಲಿಯೂ ಅದೇ ಮಾದರಿಯ ಪೆಪ್ಟೈಡ್‌ಗಳಿವೆ. ಸಹಜ ಪೆಪ್ಟೈಡ್ ತಪ್ಪಿ ಜೇನಿನ ಮೈಗೆ ಹೋದರೆ ಅದರ ಕಿಣ್ವಗಳು ನಿಮಿಷಗಳಲ್ಲಿ ಮುಗಿಸಿಬಿಡುತ್ತವೆ. ಯಾವ ಕಿಣ್ವಕ್ಕೂ ಬಗ್ಗದಂತೆ ರೂಪಿಸಿದ ಪೆಪ್ಟೈಡಿಗೆ ಆ ತಡೆ ಇರುವುದಿಲ್ಲ. ಆದ್ದರಿಂದ ಇಂಥದ್ದೊಂದನ್ನು ನಮ್ಮ ಸೂರ್ಯಕಾಂತಿ, ಕುಸುಬೆ ಹೊಲಗಳಿಗೆ ತರುವ ಮೊದಲು ಹುಳುವಿನ ಅಂಗಾಂಶದಲ್ಲಿ ಅದು ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಅಳೆದಷ್ಟೇ ಶ್ರದ್ಧೆಯಿಂದ ಜೇನಿನ ಹೀಮೋಲಿಂಫ್ ಮತ್ತು ಮಾಲ್ಪೀಗಿಯನ್ ನಳಿಕೆಗಳಲ್ಲಿಯೂ ಅಳೆಯಬೇಕು.